ಗೌರಮ್ಮನ ಶಾಮಿಯಾನ ಲಾರಿಗೆ ವಾಲ್ವ್ ಕೂರಿಸಿದ್ದು

ಗ್ಯಾರೇಜಿನಲ್ಲಿ ಬಡ್ತಿ ಎಂಬುದಿಲ್ಲ. ಮೊದಲು ಗಾಡಿಯ ಕೆಳಗೆ ಮಲಗಿ ಬೈಸಿಕೊಳ್ಳುತ್ತೀರಿ, ವಯಸ್ಸಾದ ಮೇಲೆ ಗಾಡಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಬೈಯುತ್ತೀರಿ. ಈ ಎರಡರ ನಡುವೆ ಎಲ್ಲೋ ಸೊಂಟ ಹೋಗುತ್ತದೆ. ನನ್ನ ವೃತ್ತಿಯ ಏಳಿಗೆ ಇಷ್ಟೇ. ಆದ್ದರಿಂದ ಹೊಸದಾಗಿ ಈ ಕಸುಬಿಗೆ ಬಂದವರು ನಮ್ಮ ಮನೆ ಜಗಲಿಯಲ್ಲಿ ಕೂತು ‘ನಾಗಣ್ಣ, ನಿಮ್ಮ ಕಾಲದಾಗೆ ಹೆಂಗಿತ್ತು?’ ಎಂದು ಕೇಳಿದರೆ ನಾನು ಏಳಿಗೆಯ ಕಥೆ ಹೇಳುವುದಿಲ್ಲ, ಒಂದು ಲಾರಿಯ ಕಥೆ ಹೇಳುತ್ತೇನೆ. ಈಗಿನವರಿಗೆ ಗಾಡಿಗೆ ವೈರ್ ಚುಚ್ಚಿದರೆ ಅದೇ ತನ್ನ ಕಾಯಿಲೆ ಹೇಳಿಬಿಡುತ್ತದೆ. ನಮಗೆ ಗಾಡಿ ಹೇಳುತ್ತಿರಲಿಲ್ಲ, ಡ್ರೈವರ್ ಹೇಳುತ್ತಿದ್ದ. ಡ್ರೈವರ್ ಹೇಳಿದ್ದರಲ್ಲಿ ಮುಕ್ಕಾಲು ಸುಳ್ಳು.

ಚನ್ನಗಿರಿಯಲ್ಲಿ ನಾನು ದುಡಿದದ್ದು ಖಾದರ್ ಉಸ್ತಾದರ ಗ್ಯಾರೇಜಿನಲ್ಲಿ. ಒಂದು ಹುಣಸೆ ಮರ, ಅದರ ಕೆಳಗೆ ತಗಡಿನ ಚಪ್ಪರ, ಚಪ್ಪರದ ಕೆಳಗೆ ಉಸ್ತಾದರ ಬಾಯಿ. ಮೂರರಲ್ಲಿ ಬಾಯಿಯೇ ದೊಡ್ಡದು. ಬ್ರೇಕಿನ ಕೆಲಸದಲ್ಲಿ ಅವರ ಹೆಸರು ಹೊನ್ನಾಳಿ, ನ್ಯಾಮತಿಯವರೆಗೂ ಇತ್ತು, ಅದು ಸುಮ್ಮನೆ ಬಂದ ಹೆಸರೂ ಅಲ್ಲ. ಲಾರಿ ರಸ್ತೆಯಿಂದ ಗ್ಯಾರೇಜಿಗೆ ತಿರುಗುವಾಗಲೇ ಬೆನ್ನು ತಿರುಗಿಸಿ ಕೂತು, ಎಡಗಡೆ ಹಿಂದಿನ ಚಕ್ರದ ಬ್ರೇಕ್ ಲೈನರ್ ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಡ್ರಮ್ ಬಿಚ್ಚಿದರೆ ಹಾಗೇ ಇರುತ್ತಿತ್ತು. ಇಂಥ ಮನುಷ್ಯನ ಜೊತೆ ವಾದಕ್ಕೆ ಇಳಿಯುವುದು ಕಷ್ಟ. ಇಳಿದರೂ ಕೇಳುವವರಲ್ಲ. ಅವರಿಗೊಂದು ಸಿದ್ಧಾಂತವಿತ್ತು. ಬ್ರೇಕ್ ಅಂದ ಮೇಲೆ ಕಚ್ಚಿ ಹಿಡಿಯಬೇಕು, ಅರ್ಧ ಹಿಡಿಯುವುದು ಬ್ರೇಕಲ್ಲ, ಅದು ಗಾಡಿಯ ಕೈಕಾಲು ಹಿಡಿದು ಬೇಡಿಕೊಳ್ಳುವುದು.

ಈ ಸಿದ್ಧಾಂತಕ್ಕೆ ಒಂದೇ ಒಂದು ಶತ್ರು. ಪುಸ್ತಕದಲ್ಲಿ ಅದರ ಹೆಸರು ಪ್ರೊಪೋರ್ಷನಿಂಗ್ ವಾಲ್ವ್. ನಮ್ಮ ಗ್ಯಾರೇಜಿನಲ್ಲಿ ಅದು ಪ್ರಪೋಸಲ್ ವಾಲ್ವ್. ಉಸ್ತಾದರ ಬಾಯಲ್ಲಿ ಏನಾಗಿತ್ತು ಎಂಬುದನ್ನು ಮನೆಮಂದಿ ಓದುವ ಕಡೆ ಬರೆಯಲಾಗದು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹಳೇ ಮಿನಿ ಲಾರಿಗಳಲ್ಲಿ ಹಿಂದಿನ ಚಕ್ರಗಳಿಗೆ ಬ್ರೇಕ್ ಆಯಿಲ್ ಹೋಗುವ ಪೈಪಿನ ದಾರಿಯಲ್ಲಿ, ಚಾಸಿಸ್ಸಿಗೆ ಅಂಟಿಕೊಂಡಂತೆ ಒಂದು ಮುಷ್ಟಿ ಗಾತ್ರದ ಕಬ್ಬಿಣದ ಗಟ್ಟಿ ಕೂತಿರುತ್ತದೆ. ಅದರಿಂದ ಒಂದು ಕಡ್ಡಿ ಹೊರಟು ಹಿಂದಿನ ಹೌಸಿಂಗಿಗೆ, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಅಚ್ಚಿನ ಗೂಡಿಗೆ, ಸೇರಿಕೊಂಡಿರುತ್ತದೆ. ಲಾರಿ ತುಂಬಿದಾಗ ಸ್ಪ್ರಿಂಗಿನ ಪಾಟಾ ಕುಸಿದು ಕಡ್ಡಿ ಮೇಲಕ್ಕೆ ಒತ್ತುತ್ತದೆ, ವಾಲ್ವ್ ಬಾಯಿ ಬಿಟ್ಟು ಹಿಂದಿನ ಚಕ್ರಕ್ಕೆ ಪೂರ್ತಿ ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಕಡ್ಡಿ ಇಳಿಯುತ್ತದೆ, ವಾಲ್ವ್ ಒತ್ತಡ ಕಡಿಮೆ ಮಾಡುತ್ತದೆ. ಯಾಕೆಂದರೆ ಖಾಲಿ ಲಾರಿಯ ಹಿಂಭಾಗಕ್ಕೆ ತೂಕವಿಲ್ಲ. ಅಲ್ಲಿ ಜೋರಾಗಿ ಬ್ರೇಕ್ ಹಿಡಿದರೆ ಚಕ್ರ ಉರುಳುವುದು ಬಿಟ್ಟು ಜಾರುತ್ತದೆ, ಜಾರುವ ಹಿಂಭಾಗ ಮುಂಭಾಗವನ್ನು ಓವರ್‌ಟೇಕ್ ಮಾಡಲು ನೋಡುತ್ತದೆ. ದಾವಣಗೆರೆಯ ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಬಿಡಿಭಾಗ ತರಲು ಹೋದಾಗ ಅಲ್ಲಿನ ಫೋರ್‌ಮನ್ ಒಬ್ಬರು ಚಹಾ ಕುಡಿಯುತ್ತಾ ನನಗೆ ಇದನ್ನು ಹೇಳಿಕೊಟ್ಟಿದ್ದರು. ವಾಪಸ್ ಬಂದು ಉಸ್ತಾದರಿಗೆ ಹೇಳಿದೆ. ಚಹಾ ಯಾರ ಲೆಕ್ಕದಲ್ಲಿ ಕುಡಿದೆ ಎಂದು ಕೇಳಿದರು. ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ರಸ್ತೆಗಳಿಗೆ ಆ ಕಡ್ಡಿ ಮುರಿಯುತ್ತಿತ್ತು, ವಾಲ್ವ್ ಸೋರುತ್ತಿತ್ತು, ಹೊಸದು ಸಿಗುತ್ತಿರಲಿಲ್ಲ. ಹಾಗಾಗಿ ಎಲ್ಲ ಗ್ಯಾರೇಜಿನವರೂ ಅದನ್ನು ಕಿತ್ತು, ಎರಡು ಪೈಪನ್ನೂ ಒಂದು ಯೂನಿಯನ್ ಹಾಕಿ ಜೋಡಿಸಿ ಕಳಿಸುತ್ತಿದ್ದರು. ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಬ್ರೇಕ್ ಕಚ್ಚುತ್ತಿತ್ತು. ಡ್ರೈವರ್‌ಗೆ ಖುಷಿ, ಮೆಕ್ಯಾನಿಕ್‌ಗೆ ಹೆಸರು.

ಇನ್ನು ಗೌರಮ್ಮ. ನ್ಯಾಮತಿಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಅವರದು. ಗಂಡ ಇದ್ದರು. ಅಂಗಡಿಯಲ್ಲಿ ಕೂತು, ಬಂದವರಿಗೆ ‘ಅವಳನ್ನೇ ಕೇಳ್ರಿ’ ಎನ್ನುವುದು ಅವರ ಪಾಲಿನ ಕೆಲಸ. ಮಿಕ್ಕಿದ್ದೆಲ್ಲ ಗೌರಮ್ಮನದು. ಯಾರದೋ ಕೈಯಲ್ಲಿ ಪಳಗಿದ ಹಳೇ ನೀಲಿ ಮಿನಿ ಲಾರಿಯೊಂದನ್ನು ಕೊಂಡಿದ್ದರು. ಅದನ್ನು ಓಡಿಸುತ್ತಿದ್ದವನು ಹಾಲೇಶ. ಕಂಬ ನೆಟ್ಟು ಶಾಮಿಯಾನ ಕಟ್ಟುವ ರುದ್ರಪ್ಪ ಮತ್ತು ಅವನ ಜೊತೆಯವರು ಹಿಂದೆ ಕೂತು ಹೋಗುತ್ತಿದ್ದರು. ಶಾಮಿಯಾನದ ಲಾರಿಯ ಬದುಕೇ ವಿಚಿತ್ರ. ಮದುವೆಗೆ ಮುಂಚೆ ತುಂಬಿಕೊಂಡು ಹೋಗಿ ಖಾಲಿ ಬರುತ್ತದೆ. ಮದುವೆ ಮುಗಿದ ಮೇಲೆ ಖಾಲಿ ಹೋಗಿ ತುಂಬಿಕೊಂಡು ಬರುತ್ತದೆ. ಅಂದರೆ ಅರ್ಧ ಆಯುಷ್ಯ ಖಾಲಿ.

ಒಂದು ದಿನ ಸಾಸ್ವೆಹಳ್ಳಿ ರಸ್ತೆಯಲ್ಲಿ ಜಿಟಿಜಿಟಿ ಮಳೆ. ಖಾಲಿ ಲಾರಿ. ಅಡ್ಡ ಬಂದ ಸೈಕಲ್ಲಿಗೆ ಹಾಲೇಶ ಬ್ರೇಕ್ ಒತ್ತಿದ. ಲಾರಿ ಗಿರ್ರನೆ ತಿರುಗಿ, ಬಂದ ಹೊನ್ನಾಳಿಯ ಕಡೆಗೇ ಮುಖ ಮಾಡಿ ನಿಂತಿತು. ಸೈಕಲ್ಲಿನವನು ಇಳಿದು, ನೀವು ವಾಪಸ್ ಹೋಗೋರಾಗಿದ್ರೆ ಮೊದಲೇ ಹೇಳಬಾರದಾ ಅಂದನಂತೆ. ಗೌರಮ್ಮನ ಹತ್ತಿರ ಮಾತ್ರ ಹಾಲೇಶ ಅಡ್ಡ ಬಂದದ್ದು ಎಮ್ಮೆ ಎಂದ. ಎಮ್ಮೆ ಎಂದರೆ ಸ್ವಲ್ಪ ಗೌರವ ಇರುತ್ತದೆ.

ಲಾರಿಯನ್ನು ನಮ್ಮಲ್ಲಿಗೆ ತಂದ. ಬ್ರೇಕ್ ಸಾಲದು ಎಂದ. ನಾವು ಹಿಂದಿನ ಚಕ್ರಗಳಿಗೆ ಹೊಸ ಲೈನರ್ ಹಾಕಿ ಬಿಗಿ ಮಾಡಿ ಕಳಿಸಿದೆವು. ಮತ್ತೆ ತಿರುಗಿತು. ಗೌರಮ್ಮ ನಿಂಬೆಹಣ್ಣು ಕಟ್ಟಿಸಿದರು, ಟೈರ್ ಬದಲಾಯಿಸಿದರು. ನಾವು ಇನ್ನಷ್ಟು ಬಿಗಿ ಮಾಡಿದೆವು. ನಾವು ಬ್ರೇಕ್ ಚೆನ್ನಾಗಿ ಮಾಡಿದಷ್ಟೂ ಲಾರಿ ಚೆನ್ನಾಗಿ ತಿರುಗುತ್ತಿತ್ತು. ಮೂರನೆಯ ಸಲ ತಿರುಗಿದಾಗ ಹಿಂದೆ ಕೂತಿದ್ದ ರುದ್ರಪ್ಪ ಹಲಗೆಯ ಮೇಲಿಂದ ಹಾರಿ ಗದ್ದೆಯ ಬದುವಿನ ಮೇಲೆ ಬಿದ್ದ. ಕೊರಳ ಹತ್ತಿರದ ಮೂಳೆ ಮುರಿಯಿತು. ಒಂದು ಮಾರು ಆಚೆ ಬಿದ್ದಿದ್ದರೆ ಚಪ್ಪಡಿ ಕಲ್ಲು, ತಲೆ ಉಳಿಯುತ್ತಿರಲಿಲ್ಲ.

ಆಗ ಗೌರಮ್ಮ ತಾವೇ ಬಂದರು. ಲಾರಿಯಲ್ಲಲ್ಲ, ಬಸ್ಸಿನಲ್ಲಿ. ಜೊತೆಗೆ ಕೈಯನ್ನು ಕೊರಳಿಗೆ ಕಟ್ಟಿಕೊಂಡ ರುದ್ರಪ್ಪ. ಲಾರಿಯನ್ನು ಹಾಲೇಶ ಹಿಂದಿನಿಂದ ಮೆಲ್ಲಗೆ ತಂದು ನಿಲ್ಲಿಸಿದ. ಗೌರಮ್ಮ ಉಸ್ತಾದರ ಸ್ಟೂಲಿನ ಎದುರು ನಿಂತು ಕೇಳಿದರು.

“ಸಾಬ್ರೆ, ನನ್ನ ಲಾರಿ ಬ್ರೇಕ್ ಹಾಕಿದ್ರೆ ನಿಲ್ಲಬೇಕೋ, ಪ್ರದಕ್ಷಿಣೆ ಹಾಕಬೇಕೋ?”

ಉಸ್ತಾದರು ಮಳೆ, ರಸ್ತೆ, ಹಾಲೇಶನ ಕಾಲು, ಹೀಗೆ ಒಂದೊಂದನ್ನೇ ಬೈಯುತ್ತಾ ಹೋದರು. ರುದ್ರಪ್ಪ ಮಾತ್ರ ಮೆಲ್ಲಗೆ ನನ್ನ ಕಡೆ ತಿರುಗಿ, “ನಾಗಣ್ಣ, ಸಾಮಾನು ತುಂಬಿದ್ದಾಗ ಒಂದು ದಿನಾನೂ ತಿರುಗಿಲ್ಲ. ಖಾಲಿ ಇದ್ದಾಗ್ಲೇ ಅದಕ್ಕೆ ಹುಚ್ಚು ಹಿಡಿಯೋದು,” ಎಂದ. ಅಷ್ಟು ದಿನ ನಾವ್ಯಾರೂ ಅವನನ್ನು ಕೇಳಿರಲೇ ಇಲ್ಲ. ಹಿಂದೆ ಕೂರುವವನನ್ನು ಯಾರು ಕೇಳುತ್ತಾರೆ?

ನಾನು ಗೋಣಿಚೀಲ ಹಾಸಿ ಕೆಳಗೆ ನುಗ್ಗಿದೆ. ಚಾಸಿಸ್ಸಿನಲ್ಲಿ ವಾಲ್ವ್ ಇರಬೇಕಾದ ಜಾಗದಲ್ಲಿ ಬರೀ ಎರಡು ಬೋಲ್ಟಿನ ತೂತು. ಪೈಪ್ ನೇರವಾಗಿ ಜೋಡಿಸಿದ್ದರು. ಹೊರಗೆ ಬಂದು, ಯಾರೋ ವಾಲ್ವ್ ಕಿತ್ತಿದ್ದಾರೆ ಎಂದೆ. ಉಸ್ತಾದರು ಬಗ್ಗಿ ನೋಡಿ, ಯಾವ ಕತ್ತೆ ಮಾಡಿದ ಕೆಲಸ ಇದು ಎಂದು ಗರ್ಜಿಸಿದರು. ಗೌರಮ್ಮ ನಿಂತಿದ್ದರಲ್ಲ, ಅವರ ಮುಂದೆ ಬೇರೆ ಗ್ಯಾರೇಜಿನವರನ್ನು ಬೈಯುವ ಅವಕಾಶ ಬಿಡುವಂತಿರಲಿಲ್ಲ. ನಾನು ಕೈ ಚಾಚಿ ಆ ಜೋಡಣೆಯನ್ನು ತೋರಿಸಿದೆ. ಪೈಪು ಚಾಸಿಸ್ಸಿಗೆ ಉಜ್ಜದಂತೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ, ಅದರ ಮೇಲೆ ತಂತಿಯಿಂದ ಎರಡು ಗಂಟು ಹಾಕಿತ್ತು. ಈ ಸೀಮೆಯಲ್ಲಿ ಹಾಗೆ ಸುತ್ತುವವರು ಒಬ್ಬರೇ. ಹಿಂದಿನ ಮಾಲೀಕನ ಕಾಲದಲ್ಲಿ ಲಾರಿ ನಮ್ಮಲ್ಲಿಗೇ ಬಂದಿತ್ತು.

ಉಸ್ತಾದರು ಆ ಗಂಟನ್ನು ಬೆರಳಿಂದ ಎಳೆದು ನೋಡಿದರು. ಆಮೇಲೆ, “ಕೆಲಸ ಚೆನ್ನಾಗೇ ಮಾಡೀನಿ ಬಿಡು. ಇಷ್ಟು ವರ್ಷ ಆದ್ರೂ ಒಂದು ಹನಿ ಸೋರಿಲ್ಲ,” ಎಂದರು.

ರುದ್ರಪ್ಪನಿಗೆ ನಗು ಬಂತು, ನಕ್ಕರೆ ಮೂಳೆ ನೋಯುತ್ತಿತ್ತು, ಅವನ ಫಜೀತಿ ಅವನಿಗೆ. ಗೌರಮ್ಮ ನಗಲಿಲ್ಲ. ವಾಲ್ವ್ ಹಾಕಲೇಬೇಕು ಎಂದು ನಾನು, ಬ್ರೇಕ್ ಕಡಿಮೆ ಮಾಡಿಸಿಕೊಳ್ಳಲು ಯಾರಾದರೂ ನನ್ನ ಹತ್ತಿರ ಬರುತ್ತಾರಾ ಎಂದು ಉಸ್ತಾದರು, ಜಗಳ ಹತ್ತಿಕೊಂಡಿತು. ಗೌರಮ್ಮ ನಡುವೆ ಕೈ ಅಡ್ಡ ಹಿಡಿದು, ಜಗಳ ಆಮೇಲೆ ಆಡಿಕೊಳ್ಳಿ, ಆ ವಾಲ್ವ್ ಎಲ್ಲಿ ಸಿಗುತ್ತದೆ ಹೇಳಿ ಎಂದರು.

ದಾವಣಗೆರೆಯ ಅಂಗಡಿಗಳಲ್ಲಿ ಸಿಗಲಿಲ್ಲ, ಆ ಲಾರಿಯ ಬಿಡಿಭಾಗ ಬರುವುದೇ ನಿಂತುಹೋಗಿತ್ತು. ಜಗಳೂರಿನ ಗುಜರಿಯೊಂದರಲ್ಲಿ ಅದೇ ಜಾತಿಯ ಲಾರಿ ಒಡೆದಿದ್ದಾರೆ ಎಂದು ಯಾರೋ ಹೇಳಿದರು. ಗೌರಮ್ಮ ಮತ್ತು ನಾನು ಬಸ್ ಹತ್ತಿದೆವು. ಗುಜರಿಯ ಯಜಮಾನ ತಕ್ಕಡಿ ಹಿಡಿದು ಹಳೇ ಪಾತ್ರೆ ತೂಗುತ್ತಿದ್ದ. ನಾನು ರಾಶಿಯಲ್ಲೆಲ್ಲ ಹುಡುಕಿ ಸುಸ್ತಾಗಿ ತಿರುಗಿದರೆ, ವಾಲ್ವ್ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂತಿದೆ! ತೂಕದ ಬಟ್ಟಾಗಿ. ಒಂದು ಕಬ್ಬಿಣದ ಬಟ್ಟು ಕಳೆದುಹೋದ ಮೇಲೆ ಆತ ಅದರ ಜಾಗದಲ್ಲಿ ಇದನ್ನು ನೇಮಿಸಿಕೊಂಡಿದ್ದ. ಕೊಡಲಾರೆ ಎಂದ. ಕೈಗೆ ಹತ್ತಿದ ಬಟ್ಟು, ಇದು ಹೋದರೆ ನನ್ನ ವ್ಯಾಪಾರದ ಅಂದಾಜೇ ತಪ್ಪುತ್ತದೆ ಎಂದ.

ಗೌರಮ್ಮ ವಾಲ್ವನ್ನು ಕೈಗೆತ್ತಿಕೊಂಡು ಅತ್ತಿತ್ತ ತಿರುಗಿಸಿ ನೋಡಿದರು. “ಯಜಮಾನ್ರೆ, ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಇರಬೇಕಲ್ರೀ. ಇದರಾಗೆ ಎಲ್ಲೈತೆ, ನಂಗ್ಯಾಕೋ ಕಾಣ್ಸವಲ್ದು,” ಎಂದರು, ಬಹಳ ಮರ್ಯಾದೆಯಿಂದ. ಯಜಮಾನ ನಮಗೆ ಚಹಾ ತರಿಸಿದ, ವಾಲ್ವನ್ನು ಹಾಳೆಯಲ್ಲಿ ಸುತ್ತಿಕೊಟ್ಟ.

ಗುಜರಿಯ ಮಾಲನ್ನು ಹಾಗೇ ಗಾಡಿಗೆ ಹಾಕಬೇಡಿ. ಇದನ್ನು ಕಿರಿಯರಿಗೆ ಒತ್ತಿ ಹೇಳುತ್ತೇನೆ. ವಾಲ್ವ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ತುಕ್ಕು ತಿಂದಿದ್ದರೆ ವಾಪಸ್ ತಕ್ಕಡಿಗೇ ಕಳಿಸುತ್ತಿದ್ದೆ. ಒಳಗೋಡೆ ಕನ್ನಡಿಯಂತಿತ್ತು. ಬ್ರೇಕ್ ಆಯಿಲ್‌ನಲ್ಲೇ ತೊಳೆದು ಹೊಸ ರಬ್ಬರ್ ಹಾಕಿದೆ. ಪೆಟ್ರೋಲ್, ಸೀಮೆಎಣ್ಣೆ ಅಪ್ಪಿತಪ್ಪಿ ಒಳಗೆ ಹೋದರೆ ರಬ್ಬರ್ ಉಬ್ಬಿ ಹಲಸಿನ ತೊಳೆಯಾಗುತ್ತದೆ. ಒಳಗೆ ಬರುವ ತೂತು ಯಾವುದು, ಹೊರಗೆ ಹೋಗುವ ತೂತು ಯಾವುದು ಎಂಬುದು ಮುಂದಿನ ತಾಪತ್ರಯ. ಎರಡೂ ಒಂದೇ ಗಾತ್ರ, ಅದಲುಬದಲಾದರೂ ನಟ್ಟು ಖುಷಿಯಿಂದ ಕೂರುತ್ತದೆ. ಮೈಯನ್ನು ತಂತಿ ಬ್ರಷ್ಷಿನಿಂದ ತಿಕ್ಕಿದ ಮೇಲೆ ಒಂದು ಸಣ್ಣ ಬಾಣದ ಗುರುತು ಎದ್ದಿತು.

ಹಳೇ ಪೈಪುಗಳನ್ನು ಉಸ್ತಾದರು ಹಿಂದೆ ಕತ್ತರಿಸಿದ್ದರಿಂದ ಗಿಡ್ಡವಾಗಿದ್ದವು. ಹೊಸ ಪೈಪ್ ಬೇಕು, ಅದರ ತುದಿಯನ್ನು ಹೂವಿನಂತೆ ಅರಳಿಸಬೇಕು, ಆ ಅರಳಿದ ಅಂಚೇ ವಾಲ್ವಿನೊಳಗೆ ಒತ್ತಿ ಕೂತು ಸೋರದಂತೆ ಹಿಡಿಯುವುದು. ನನ್ನ ಮೊದಲ ಹೂವು ಸೀಳಿತು. ಎರಡನೆಯದು ಸೊಟ್ಟಗಾಯಿತು. ವಾಲ್ವ್ ಬಂದ ದಿನದಿಂದ ಮಾತು ಬಿಟ್ಟಿದ್ದ ಉಸ್ತಾದರು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಎದ್ದು ಬಂದು ಪೈಪ್ ಕಿತ್ತುಕೊಂಡರು. ನಟ್ಟನ್ನು ಪೈಪಿಗೆ ಮೊದಲೇ ಏರಿಸಿಕೊಂಡು, ತುದಿ ಅರ ಹಾಕಿ, ಉಸಿರು ಬಿಗಿಹಿಡಿದು ಅರಳಿಸಿದರು. ನನಗೆ ವಾಲ್ವಿನ ಸಿದ್ಧಾಂತ ಗೊತ್ತಿರಬಹುದು, ಆ ಅಂಚನ್ನು ನಾನು ಈ ಜನ್ಮದಲ್ಲಿ ಮಾಡುತ್ತಿರಲಿಲ್ಲ. “ಪಾನಾ ಮುಟ್ಟಬೇಡ. ಮೊದ್ಲು ಬೆರಳಲ್ಲೇ ಹತ್ಸು. ಬೆರಳಿಗೆ ಹತ್ತದ ನಟ್ಟನ್ನ ಪಾನಾದಲ್ಲಿ ಹತ್ಸಿದ್ರೆ ಒಳಗಿನ ಮರೆಸುತ್ತೇ ಹಾಳಾಗ್ತೈತೆ,” ಎಂದು ಬೈದರು. ಬೈಗುಳ ಮರಳಿ ಬಂದದ್ದು ನೋಡಿ ನನಗೆ ಸಮಾಧಾನವಾಯಿತು.

ಪೈಪು ಸೇರಿಸಿದ್ದಾಯಿತು. ಇನ್ನು ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ತುಳಿಯುವುದು, ಇನ್ನೊಬ್ಬರು ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ ಗಾಳಿಯನ್ನೂ ಆಯಿಲನ್ನೂ ಹೊರಗೆ ಬಿಡುವುದು. ಕೆಲಸಕ್ಕೆ ಅನುಕೂಲವಾಗಲೆಂದು ಚಾಸಿಸ್ಸಿಗೆ ಜಾಕ್ ಕೊಟ್ಟು ಹಿಂಭಾಗವನ್ನು ಎತ್ತಿಟ್ಟಿದ್ದೆವು. ಉಸ್ತಾದರು ತುಳಿದರು, ನಾನು ಸಡಿಲಿಸಿದೆ. ಹನಿ ಹನಿ ಬಂತು, ನಿಂತಿತು. ಮತ್ತೆ ತುಳಿದರು, ಬರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಇದೇ. ವಾಲ್ವ್ ಸತ್ತಿದೆ, ಜಗಳೂರಿನಲ್ಲೇ ಸತ್ತಿತ್ತು, ನೀವಿಬ್ಬರೂ ಹೆಣಕ್ಕೆ ಟಿಕೆಟ್ ತೆಗೆಸಿ ತಂದಿರಿ ಎಂದು ಉಸ್ತಾದರು ಘೋಷಿಸಿದರು. ಅವರ ಮುಖದಲ್ಲಿ ಇಷ್ಟು ದಿನ ಕಾಣದ ಕಳೆ.

ಗೌರಮ್ಮ ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದರು. ಎಲ್ಲರೂ ತಿನ್ನುತ್ತಿದ್ದಾಗ ನಾನು ಲಾರಿಯ ಕೆಳಗೇ ಮಲಗಿಕೊಂಡಿದ್ದೆ, ಹೊರಗೆ ಬಂದು ಅವರ ಮುಖ ನೋಡುವ ಧೈರ್ಯವಿರಲಿಲ್ಲ. ಹಾಗೆ ಮಲಗಿ ಮೇಲೆ ನೋಡಿದಾಗ ಕಡ್ಡಿ ಪೂರ್ತಿ ಇಳಿಬಿದ್ದಿರುವುದು ಕಣ್ಣಿಗೆ ಬಿತ್ತು. ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ವಾಲ್ವಿಗೆ ಗೊತ್ತಿರುವುದು ಕಡ್ಡಿಯ ಮಾತೊಂದೇ. ಅದರ ಪಾಲಿಗೆ ಈ ಲಾರಿ ಖಾಲಿಗಿಂತ ಖಾಲಿ, ಆಕಾಶದಲ್ಲಿ ಹಾರುತ್ತಿರುವ ಲಾರಿ. ಹಾರುವ ಲಾರಿಗೆ ಹಿಂದಿನ ಬ್ರೇಕ್ ಯಾಕೆ ಎಂದು ಅದು ದಾರಿ ಮುಚ್ಚಿಕೊಂಡಿತ್ತು.

ತೆವಳಿ ಹೊರಗೆ ಬಂದು ಜಾಕ್ ಇಳಿಸಲು ಹೇಳಿದೆ. ಚಕ್ರ ನೆಲಕ್ಕೆ ಕೂತಿತು, ಪಾಟಾ ಕುಸಿಯಿತು, ಕಡ್ಡಿ ಮೇಲೆದ್ದಿತು. ನಾನು ಮತ್ತೆ ನಿಪ್ಪಲ್ ಹಿಡಿದೆ, ಉಸ್ತಾದರು ಬೇಸರದಿಂದ ಒಮ್ಮೆ ತುಳಿದರು. ನಿಪ್ಪಲಿನಿಂದ ಗಾಳಿ ಗುಳುಗುಳು ಎಂದು ಬಂದು, ಹಿಂದೆಯೇ ಆಯಿಲ್ ನನ್ನ ಮುಖಕ್ಕೆ ಚಿಮ್ಮಿತು. ಇನ್ನೊಂದೆರಡು ಸಲ ತುಳಿಯುವಷ್ಟರಲ್ಲಿ ಪೆಡಲ್ ಗಟ್ಟಿಯಾಯಿತು. ಅದು ಕಾಲಿಗೆ ಗೊತ್ತಾಗುವ ವಿಷಯ. ಉಸ್ತಾದರ ಕಾಲಿಗೆ ಗೊತ್ತಾಯಿತು, ಬಾಯಿ ಮಾತ್ರ ಒಪ್ಪಲಿಲ್ಲ.

ಕಡ್ಡಿಯ ಉದ್ದ ಸರಿಮಾಡಿ, ಖಾಲಿ ಒಮ್ಮೆ, ಗೌರಮ್ಮನ ಕೊಪ್ಪರಿಗೆ ಕಂಬಗಳನ್ನೆಲ್ಲ ಹೇರಿ ಒಮ್ಮೆ, ಮೆಲ್ಲಗೆ ಓಡಿಸಿ ನೋಡಿದೆವು. ಸಂತೆ ಮೈದಾನದಲ್ಲಿ ಖಾಲಿ ಲಾರಿಗೆ ಕೊನೆಯ ಪರೀಕ್ಷೆ ಎಂದಾಯಿತು. ಹಿಂದಿನ ದಿನ ಮಳೆ ಬಂದು ನೆಲ ಜಾರುತ್ತಿತ್ತು, ನಮಗೆ ಬೇಕಾದದ್ದೂ ಅದೇ. ಹಾಲೇಶ ಸ್ಟೀರಿಂಗ್ ಹಿಡಿದ, ನಾನು ಅವನ ಪಕ್ಕ ಕೂತೆ. ಗೌರಮ್ಮ ಉಸ್ತಾದರಿಗೆ ಲಾರಿಯ ಹಿಂಭಾಗ ತೋರಿಸಿದರು.

“ರುದ್ರಪ್ಪ ಕೂರೋ ಜಾಗ ಐತಲ್ಲ, ಅಲ್ಲಿ ಕೂತ್ಕೊಳ್ರಿ ಸಾಬ್ರೆ. ನಾನೂ ಬರ್ತೀನಿ.”

ಇಷ್ಟು ಹೇಳಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟರು. ಹೆಂಗಸು ಹತ್ತಿದ ಮೇಲೆ ಉಸ್ತಾದರಿಗೆ ದಾರಿ ಇರಲಿಲ್ಲ. ಹಲಗೆ ಹಿಡಿದು ಕೂತರು. ಹಾಲೇಶ ವೇಗ ಕೂಡಿಸಿ ಮೈದಾನದ ನಡುವೆ ಜೋರಾಗಿ ಬ್ರೇಕ್ ತುಳಿದ. ನಾನು ಕಣ್ಣು ಮುಚ್ಚಿಕೊಂಡೆ, ಸುಳ್ಳು ಯಾಕೆ ಹೇಳಲಿ. ಲಾರಿ ಮೂಗು ಬಗ್ಗಿಸಿ, ಗೆರೆ ಎಳೆದಂತೆ ನೆಟ್ಟಗೆ ಹೋಗಿ ನಿಂತಿತು. ಹಿಂದೆ ಧಡ್ ಎಂದು ಸದ್ದಾಯಿತು. ಉಸ್ತಾದರು ಕೂತಲ್ಲಿಂದ ಕೂತಂತೆಯೇ ಜಾರಿ ಕ್ಯಾಬಿನ್ನಿಗೆ ಬಂದು ಬಡಿದಿದ್ದರು. ಗೌರಮ್ಮ ಹಗ್ಗ ಹಿಡಿದು ನಿಂತೇ ಇದ್ದರು. ಉಸ್ತಾದರು ಕ್ಯಾಬಿನ್ ತಟ್ಟಿ ಇನ್ನೊಂದು ಸಲ ಎಂದರು. ಆಮೇಲೆ ಇನ್ನೊಂದು ಸಲ.

ಕೆಳಗಿಳಿದವರು ಕೆಸರಲ್ಲಿ ಚಕ್ರದ ಗುರುತು ಹಿಡಿದು ಹಿಂದಕ್ಕೆ ನಡೆದರು. ಮುಂದಿನ ಚಕ್ರ ಕೆಸರನ್ನು ಉಜ್ಜಿತ್ತು. ಹಿಂದಿನ ಚಕ್ರದ ಗುರುತಿನಲ್ಲಿ ಟೈರಿನ ಗೀರುಗಳ ಹೂವು ಕೊನೆಯವರೆಗೂ ಅಚ್ಚೊತ್ತಿದಂತೆ ಮೂಡಿತ್ತು. ಅಂದರೆ ಅದು ಜಾರಿಲ್ಲ, ಉರುಳುತ್ತಲೇ ನಿಂತಿದೆ. ಉಸ್ತಾದರು ಕುಕ್ಕರುಗಾಲಲ್ಲಿ ಕೂತು ಆ ಹೂವನ್ನು ಬೆರಳಿಂದ ಮುಟ್ಟಿ ನೋಡಿದರು. ನಾನು ಹತ್ತಿರ ಹೋದೆ. ಅವರು ತಲೆ ಎತ್ತದೆಯೇ ಕೇಳಿದರು.

“ನಾಗಾ, ನಾನು ಎಷ್ಟು ಗಾಡೀದು ವಾಲ್ವ್ ಕಿತ್ತೀನೋ?”

ನನಗೂ ಲೆಕ್ಕವಿರಲಿಲ್ಲ. ಇದ್ದರೂ ಆಗ ಹೇಳುತ್ತಿರಲಿಲ್ಲ.

ಗೌರಮ್ಮನ ಲಾರಿ ಆಮೇಲೆ ತಿರುಗಲಿಲ್ಲ. ಖಾಲಿ ಇದ್ದಾಗ ಬ್ರೇಕ್ ಮೆತ್ತಗೈತೆ ಎಂದು ಹಾಲೇಶ ಸ್ವಲ್ಪ ದಿನ ಗೊಣಗಿದ. ಒಂದು ದಿನ ನೀನು ಹಿಂದೆ ಕೂರು, ರುದ್ರಪ್ಪ ಓಡಿಸ್ತಾನೆ ಎಂದು ಗೌರಮ್ಮ ಹೇಳಿದ ಮೇಲೆ ಗೊಣಗುವುದು ನಿಂತಿತು. ರುದ್ರಪ್ಪನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ.

ಉಸ್ತಾದರು ಮಾತ್ರ ಬದಲಾದರು. ಬಾಯಿ ಅದೇ, ಬೈಗುಳದ ವಿಷಯ ಬೇರೆ. ತಾವು ವಾಲ್ವ್ ಕಿತ್ತ ಲಾರಿಗಳನ್ನು ಹುಡುಕಿಕೊಂಡು ನನ್ನನ್ನೂ ಎಳೆದುಕೊಂಡು ಹೊರಡುತ್ತಿದ್ದರು. ಹೊನ್ನಾಳಿ, ನ್ಯಾಮತಿ, ಅಡಿಕೆ ಲಾರಿ ನಿಲ್ಲುವ ಜಾಗಗಳು, ಚಹಾ ಅಂಗಡಿಗಳು. ಗುಜರಿಗಳಲ್ಲಿ ಸಿಕ್ಕ ವಾಲ್ವುಗಳನ್ನು ಚೀಲದಲ್ಲಿ ಹೊತ್ತು ತಿರುಗಿದೆವು. ಯಾರೂ ಒಪ್ಪುತ್ತಿರಲಿಲ್ಲ. ಚೆನ್ನಾಗಿರುವ ಬ್ರೇಕನ್ನು ಕೆಡಿಸಲು ಬಂದಿದ್ದಾರೆ ಎಂದು ನಗುತ್ತಿದ್ದರು. ಅವರಿಗೆ ಆ ಬ್ರೇಕಿನ ರುಚಿ ಹತ್ತಿಸಿದ್ದವರು ನಾವೇ ಅಲ್ಲವೇ.

ಕೆರೆಬಿಳಚಿಯಲ್ಲಿ ಒಂದು ಬೆಳಗ್ಗೆ, ಮಳೆ ಬಿಟ್ಟು ರಸ್ತೆ ಇನ್ನೂ ಒದ್ದೆಯಿತ್ತು. ಅಡಿಕೆ ಇಳಿಸಿ ಖಾಲಿ ಹೊರಟಿದ್ದ ಲಾರಿಯೊಂದನ್ನು ಉಸ್ತಾದರು ಗುರುತು ಹಿಡಿದರು. ಡ್ರೈವರ್ ದಾಂಡಿಗ. ಹೊತ್ತಾಯಿತು, ನನ್ನ ಬ್ರೇಕ್ ಹುಲಿ ಹಿಡಿದಂತೆ ಹಿಡಿಯುತ್ತದೆ, ನಿಮ್ಮ ಕೈಯ ಕೆಲಸವೇ ಅಲ್ಲವೇ ಎಂದು ಹೊಗಳಿ ಎಂಜಿನ್ ಶುರು ಮಾಡಿದ. ಉಸ್ತಾದರು ಚಹಾ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿಕೊಂಡು ಹೋಗಿ ಲಾರಿಯ ಮುಂದೆ ರಸ್ತೆಯ ಮೇಲೆ ಹಾಕಿ ಕೂತರು. ಡ್ರೈವರ್ ಹಾರ್ನ್ ಹೊಡೆದ. ಅವರು ಅಲುಗಾಡಲಿಲ್ಲ.

“ಬ್ರೇಕ್ ಹುಲಿ ಅಂದ್ಯಲ್ಲ. ಆ ತಿರುವಿನ ತನಕ ಹಿಂದಕ್ಕೆ ಹೋಗು. ಅಲ್ಲಿಂದ ಜೋರಾಗಿ ಬಂದು ನನ್ನ ಮೊಣಕಾಲಿನ ಹತ್ರ ನಿಲ್ಸು. ನೆಟ್ಟಗೆ ನಿಂತ್ರೆ ನಾನು ಎದ್ದು ಮನೆಗೆ ಹೋಗ್ತೀನಿ.”

ಡ್ರೈವರ್ ನಿಜಕ್ಕೂ ತಿರುವಿನ ತನಕ ಹಿಂದಕ್ಕೆ ಹೋದ. ನಾನು ಉಸ್ತಾದರ ತೋಳು ಹಿಡಿದು ಎಳೆದೆ, ಕೈ ಕೊಡವಿದರು. ಚಹಾ ಅಂಗಡಿಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಅಷ್ಟು ದೂರದಲ್ಲಿ ಲಾರಿಯ ಎಂಜಿನ್ ಎರಡು ಸಲ ಗುರ್ ಎಂದಿತು. ಡ್ರೈವರ್ ಒದ್ದೆ ರಸ್ತೆಯನ್ನೂ, ಅದರ ನಡುವೆ ಕೂತ ಬಿಳಿಗಡ್ಡದ ಮುದುಕನನ್ನೂ ಗಾಜಿನೊಳಗಿಂದ ನೋಡುತ್ತಿದ್ದುದು ನನಗೆ ಕಾಣುತ್ತಿತ್ತು. ಆಮೇಲೆ ಎಂಜಿನ್ ನಿಲ್ಲಿಸಿದ. ಬಾಗಿಲು ತೆಗೆದು ಇಳಿದು, ನಡೆದುಕೊಂಡೇ ಬಂದು, ಎಷ್ಟು ಹೊತ್ತು ಹಿಡಿಯುತ್ತದೆ ಆ ವಾಲ್ವ್ ಹಾಕಲು ಎಂದು ಕೇಳಿದ.

ನಾನು ಚೀಲ ಎತ್ತಿಕೊಂಡು ಲಾರಿಯ ಕಡೆ ಓಡಿದೆ. ಉಸ್ತಾದರು ಕುರ್ಚಿಯಿಂದ ಏಳಲಿಲ್ಲ. ಏನು ಗತ್ತು ಮುದುಕನಿಗೆ ಎಂದುಕೊಂಡೆ. ವಾಪಸ್ ಬರುವ ಬಸ್ಸಿನಲ್ಲಿ ಹೇಳಿದರು, ಕಾಲಲ್ಲಿ ನಡುಕ ಹುಟ್ಟಿತ್ತಂತೆ, ಎದ್ದು ನಿಲ್ಲಲು ಆಗುತ್ತಿರಲಿಲ್ಲವಂತೆ.